ಸೂನ್ ಎಂದರೆ ಕೂಡಲೇ

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ನಾನು ಮೂರನೇ ತರಗತಿಯಲ್ಲಿದ್ದಾಗಲೇ ಅವ್ವ ತೀರಿಕೊಂಡಿದ್ದರಿಂದ ನನ್ನ ಜಡೆ ಹೆಣೆದವಳು, ಬೈದವಳು, ಶಾಲೆಗೆ ಅಟ್ಟಿದವಳು ಎಲ್ಲ ಅವಳೇ. ಅಪ್ಪ ಕುರಿಗಳ ಹಿಂದೆ ತಿಂಗಳುಗಟ್ಟಲೆ ಊರೂರು ತಿರುಗುತ್ತಿದ್ದ. ಅವನು ಕಾಲು ಮುರಿದುಕೊಂಡು ಮಂದೆಯನ್ನು ಮಾರಿದ ವರ್ಷ ಅಕ್ಕ ನನ್ನನ್ನು ಕರೆದುಕೊಂಡು ರಾಯದುರ್ಗಕ್ಕೆ ಬಂದು ಜೀನ್ಸ್ ಹೊಲಿಯುವ ಕೆಲಸಕ್ಕೆ ಸೇರಿದಳು. ಎರಡು ವರ್ಷಕ್ಕೆ ಅಪ್ಪನೂ ಹೋದ. ಉಳಿದವರು ನಾವಿಬ್ಬರೇ.

ಅವಳ ಕೆಲಸ ಪ್ಯಾಂಟಿನ ಹಿಂದಿನ ಜೇಬು ಹಚ್ಚುವುದು. ಬೆಳಗಿನಿಂದ ಸಂಜೆಯ ತನಕ ಜೇಬು, ಜೇಬು, ಜೇಬು. ಮನೆಗೆ ಬಂದಾಗ ಅವಳ ಬೆರಳುಗಳು ನೀಲಿ. ರೊಟ್ಟಿಯ ಹಿಟ್ಟು ನಾದಿದರೆ ಹಿಟ್ಟಿಗೂ ಒಂಚೂರು ಬಣ್ಣ ಹತ್ತುತ್ತಿತ್ತು. ಅವಳು ಓದಿದ್ದು ಐದನೆಯವರೆಗೆ, ಅದೂ ಕನ್ನಡ ಶಾಲೆಯಲ್ಲಿ. ಇಂಗ್ಲಿಷ್ ಅಕ್ಷರಗಳನ್ನು ಕಲಿತದ್ದು ಪ್ಯಾಂಟಿಗೆ ಹಚ್ಚುವ ಸಣ್ಣ ಬಟ್ಟೆಯ ಚೀಟಿಗಳಿಂದ. ಹಾಳಾದ ಚೀಟಿಗಳನ್ನು ಸೆರಗಿಗೆ ಕಟ್ಟಿಕೊಂಡು ಬಂದು ನನ್ನ ಮುಂದೆ ಹರಡುತ್ತಿದ್ದಳು.

“ಇದೇನಬೇ ತಂಗಿ, ‘ಸಪರೇಟ್ಲಿ’ ಅಂದ್ರ?”

“ಬ್ಯಾರೆ ಬ್ಯಾರೆಯಾಗಿ ಅಂತಕ್ಕ. ಬಣ್ಣ ಬಿಡ್ತೈತಲ್ಲ, ಬ್ಯಾರೆ ಅರಿವಿ ಜೋಡಿ ಒಗೀಬ್ಯಾಡ್ರಿ ಅಂತ.”

“ಅದಕ್ಕ ಇಷ್ಟುದ್ದ ಬರೀತಾರಾ? ನಾಕು ಅಕ್ಷರದಾಗ ಮುಗೀತಿತ್ತಲ್ಲ.”

ಎಂಟನೇ ತರಗತಿಯಲ್ಲಿ ನನಗೆ ಬಹುಮಾನವಾಗಿ ಅಂಗೈಯಗಲದ ಇಂಗ್ಲಿಷ್–ಕನ್ನಡ ನಿಘಂಟು ಸಿಕ್ಕಿತು. ನನಗಿಂತ ಹೆಚ್ಚಾಗಿ ಅದನ್ನು ಬಳಸಿದವಳು ಅಕ್ಕ. ಅದರಲ್ಲಿ ಒಂದೊಂದು ಪದಕ್ಕೂ ಮೂರು ನಾಲ್ಕು ಅರ್ಥ ಕೊಟ್ಟಿರುತ್ತಿದ್ದರು. ಅಕ್ಕ ಮೊದಲನೆಯದನ್ನು ಮಾತ್ರ ಓದುತ್ತಿದ್ದಳು. ಉಳಿದವನ್ನೂ ನೋಡಬೇಕು ಎಂದು ನಾನು ಹೇಳಿದರೆ ಒಪ್ಪುತ್ತಿರಲಿಲ್ಲ. “ಮೊದಲನೇದು ಖರೆ ಇದ್ರ ಎರಡನೇದು ಯಾಕ ಬೇಕು?” ಎನ್ನುತ್ತಿದ್ದಳು. ಅವಳ ನಡೆಯೂ ಹಾಗೇ ಇತ್ತು. ನಮ್ಮ ಕಡೆ ಹೊರಗೆ ಹೊರಟವರು “ಈಗ ಬಂದೆ” ಎಂದು ಹೇಳಿ ಹೋಗುತ್ತಾರೆ, ಮತ್ತೆ ಮುಖ ತೋರಿಸುವುದು ಎರಡು ತಾಸಿನ ಮೇಲೆ. ಅದನ್ನು ಯಾರೂ ಸುಳ್ಳೆಂದು ತಿಳಿಯುವುದಿಲ್ಲ. ಆದರೆ ಅಕ್ಕ “ಈಗ ಬಂದೆ” ಎಂದರೆ ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ಬಂದಿರುತ್ತಿದ್ದಳು.

ನಾನು ಡಿಗ್ರಿ ಮುಗಿಸಿ ಅನಂತಪುರದಲ್ಲಿ ಬಿ.ಎಡ್. ಓದುವಾಗ ರಾಯದುರ್ಗದಲ್ಲಿ ಕರೆಂಟು ಸರಿಯಾಗಿ ಇರದೆ ಮಷೀನುಗಳು ಅರ್ಧ ದಿನ ನಿಂತೇ ಇರುತ್ತಿದ್ದವು. ಅಕ್ಕ ನಾಲ್ಕೈದು ಹೆಂಗಸರ ಜೊತೆ ಬೆಂಗಳೂರಿನ ಗಾರ್ಮೆಂಟಿಗೆ ಹೋದಳು. ಮೂರು ವರ್ಷ ಅಲ್ಲಿದ್ದಳು. ಅವಳ ಮದುವೆಯ ಮಾತು ಎರಡು ಸಲ ಬಂತು. ನನ್ನ ಓದು ಮುಗಿಯಲಿ ಎಂದು ಎರಡು ಸಲವೂ ಅವಳೇ ಮುಂದೂಡಿದಳು. ಮೂರನೆಯ ಸಲ ಯಾರೂ ಕೇಳಿಕೊಂಡು ಬರಲಿಲ್ಲ. ನನಗೆ ಮಡಕಶಿರಾದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಕೆಲಸ ಸಿಕ್ಕಿ, ಅಲ್ಲೇ ರಾಗಿ, ಕಡಲೆಕಾಯಿ, ಹಿಪ್ಪುನೇರಳೆ ಬೆಳೆಯುವ ಮನೆಗೆ ಮದುವೆಯೂ ಆಯಿತು. ಧಾರೆಯ ದಿನ ಅಕ್ಕ ನನ್ನ ತಾಯಿಯ ಜಾಗದಲ್ಲಿ ನಿಂತಿದ್ದಳು. ಆಮೇಲೆ ಬೆಂಗಳೂರು ಬಿಟ್ಟು ರಾಯದುರ್ಗಕ್ಕೆ ಮರಳಿ, ಒಂದು ಕೋಣೆ ಹಿಡಿದು, ಮನೆಯಲ್ಲೇ ಒಂದು ಮಷೀನು ಇಟ್ಟುಕೊಂಡು ಮತ್ತೆ ಜೇಬು ಹಚ್ಚತೊಡಗಿದಳು.

ಆಗ ಇಬ್ಬರ ಕೈಯಲ್ಲೂ ಸಣ್ಣ ಬಟನ್ ಫೋನುಗಳು ಬಂದಿದ್ದವು. ಅವುಗಳಲ್ಲಿ ಕನ್ನಡ ಅಕ್ಷರ ಬರುತ್ತಿರಲಿಲ್ಲ. ನಾನು ಸಣ್ಣ ಸಣ್ಣ ಮಾತನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸುತ್ತಿದ್ದೆ. ಅಕ್ಕ ನಿಘಂಟು ಹಿಡಿದು ಓದಿಕೊಂಡು, ಒಂದೊಂದೇ ಪದ ಹುಡುಕಿ ಉತ್ತರ ಬರೆಯುತ್ತಿದ್ದಳು. ಅದು ಅವಳಿಗೆ ಆಟವಾಗಿತ್ತು, ಹೆಮ್ಮೆಯೂ ಆಗಿತ್ತು.

ಒಂದು ಸೋಮವಾರ ಸ್ಟಾಫ್ ರೂಮಿನಲ್ಲಿ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದಾಗ ಅವಳ ಮೆಸೇಜು ಬಂತು. ನೀನು ಬರುವುದು ಯಾವಾಗ ಎಂದು ಕೇಳಿದ್ದಳು, ಮೂರೇ ಪದದಲ್ಲಿ. ಅಕ್ಕ ಯಾವತ್ತೂ ಹಾಗೆ ಕೇಳಿದವಳಲ್ಲ. ‘ನಿನ್ನ ಮನಿ ನೀ ನೋಡ್ಕೊ, ನಾ ಆರಾಮ ಅದೀನಿ’ ಎನ್ನುವುದೇ ಅವಳ ಮಾತು. ಅದು ಆಗಲೇ ನನಗೆ ತಟ್ಟಬೇಕಿತ್ತು. ನಾನು ಕೆಂಪು ಪೆನ್ನನ್ನು ಬೆರಳ ಸಂದಿಯಲ್ಲೇ ಹಿಡಿದುಕೊಂಡು “ಕಮಿಂಗ್ ಸೂನ್” ಎಂದು ಒತ್ತಿದೆ. ಮುಂದಿನ ಪತ್ರಿಕೆ ತೆಗೆದುಕೊಂಡೆ.

ಮನೆಯಲ್ಲಿ ರೇಷ್ಮೆ ಹುಳಗಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆಯಿಂದ, ಎದ್ದಿದ್ದವು. ಆ ಹೊತ್ತಿಗೆ ಅವು ಸೊಪ್ಪು ತಿನ್ನುವ ಸದ್ದು ಮಳೆ ಬಿದ್ದಂತೆ ಕೇಳುತ್ತದೆ, ಎಷ್ಟು ಕೈಯಿದ್ದರೂ ಸಾಲದು. ಆದರೆ ಅತ್ತೆಯೇ ಹೇಳಿದರು: “ಅಕ್ಕ ಕರೆದವಳೆ ಅಂದ್ರೆ ಹೋಗ್ ಬಾರಮ್ಮ. ಹುಳ ನಾವ್ ನೋಡ್ಕಂತೀವಿ.” ನನ್ನನ್ನು ಯಾರೂ ತಡೆಯಲಿಲ್ಲ. ಇದನ್ನು ಇಲ್ಲಿ ಬರೆದಿಡಬೇಕು. ಪೇಪರ್ ಮುಗಿಯಲಿ, ಹುಳ ಗೂಡು ಕಟ್ಟಲಿ, ಆಮೇಲೆ ನೆಮ್ಮದಿಯಾಗಿ ನಾಲ್ಕು ದಿನ ಇದ್ದು ಬರೋಣ ಎಂದುಕೊಂಡವಳು ನಾನೇ. ಶುಕ್ರವಾರ ಅವಳು ಮತ್ತೆ ಕೇಳಿದಾಗ ಮತ್ತೆ ಅದೇ ಮಾತು ಬರೆದೆ.

ಮುಂದಿನ ಬುಧವಾರ ಬೆಳಿಗ್ಗೆ ಪ್ರಾರ್ಥನೆಗೆ ಮಕ್ಕಳು ಸಾಲು ನಿಂತಿದ್ದರು. ಅಕ್ಕನ ನಂಬರಿನಿಂದ ಫೋನು. ಮಾತಾಡಿದವರು ಪಕ್ಕದ ಮನೆಯ ಅಜ್ಜಿ. ಹೊಲಿದ ಪ್ಯಾಂಟುಗಳಿಗೆ ಅಂಟಿದ ದಾರ ಕತ್ತರಿಸುವ ಕೆಲಸ ಆಕೆಯದು.

“ಯವ್ವಾ, ನಿಮ್ಮಕ್ಕನ್ನ ಬಳ್ಳಾರಿಗೆ ಕರಕೊಂಡು ಹೊಂಟಿದ್ವಿ. ದಾರ್ಯಾಗ...”

ಪಾವಗಡಕ್ಕೆ ಒಂದು ಬಸ್ಸು, ಅಲ್ಲಿಂದ ಕಲ್ಯಾಣದುರ್ಗಕ್ಕೆ ಒಂದು, ಅಲ್ಲಿಂದ ರಾಯದುರ್ಗಕ್ಕೆ ಇನ್ನೊಂದು. ಮಧ್ಯಾಹ್ನ ಎರಡಕ್ಕೆ ನಾನು ಅಲ್ಲಿದ್ದೆ. ಅಷ್ಟೇ ಹೊತ್ತು ಹಿಡಿಯುವ ದಾರಿ ಅದು.

ಅವಳ ಪಾದಗಳು ಊದಿದ್ದವು. ಗುಂಡಿಗೆಯ ಕವಾಟ ಕೆಟ್ಟಿತ್ತಂತೆ, ವರ್ಷಗಳಿಂದಲೇ ಇದ್ದಿರಬೇಕು ಎಂದು ಅವಳನ್ನು ಬಳ್ಳಾರಿಗೆ ಕಳಿಸಿದ್ದ ಡಾಕ್ಟರು ಆಮೇಲೆ ಹೇಳಿದರು. ಎರಡು ತಿಂಗಳಿಂದ ನಾಲ್ಕು ಹೆಜ್ಜೆಗೆ ಉಬ್ಬಸ ಬರುತ್ತಿತ್ತು ಎಂದು ಅಜ್ಜಿಗೆ ಗೊತ್ತಿತ್ತು, ಬೀದಿಗೆಲ್ಲ ಗೊತ್ತಿತ್ತು. ನನಗೆ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದಳಂತೆ. ತಂಗಿ ಬಂದ ಮೇಲೆ ಎದುರಿಗೇ ಹೇಳುತ್ತೇನೆ, ಫೋನಿನಲ್ಲಿ ಹೇಳಿದರೆ ಹೆದರುತ್ತಾಳೆ ಎಂದಿದ್ದಳಂತೆ.

ಎಲ್ಲ ಮುಗಿದು ಮೂರನೆಯ ದಿನ ಅಜ್ಜಿ ಉಳಿದದ್ದನ್ನು ಹೇಳಿದಳು.

“ಸೋಮವಾರ ನಿನ್ನ ಮೆಸೇಜು ಬಂತಲ್ಲ, ಆ ಪುಸ್ತಕ ತಗದು ನೋಡಿದ್ಲು. ‘ಕೂಡಲೇ ಬರ್ತಾಳಂತ ಅಜ್ಜಿ’ ಅಂದ್ಲು. ಕೋಣಿ ಸಾರಿಸಿದ್ಲು, ಊದಿದ ಕಾಲಾಗ. ಸಂಜಿ ಕಲ್ಯಾಣದುರ್ಗದ ಬಸ್ಸಿನ ಹೊತ್ತಿಗೆ ಸ್ಟ್ಯಾಂಡಿಗೆ ಹೋದ್ಲು. ಮಾರನೇ ದಿನಾನೂ ಹೋದ್ಲು.”

“ದಿನಾ ಹೋದ್ಲಾ?” ಎಂದು ಕೇಳಿದೆ.

“ದಿನಾ. ಒಂಬತ್ತು ಸಂಜಿ. ನಿನಗಂತ ಬಿಸಿ ಮಿರ್ಚಿ ಕಟ್ಟಿಸ್ಕೊಂಡು ಬರ್ತಿದ್ಲು, ತಣ್ಣಗಾದ ಮ್ಯಾಲ ನನಗ ಕೊಡ್ತಿದ್ಲು.”

“ಬೈದ್ಲಾ ಅಜ್ಜಿ, ನನ್ನ?”

“ಇಲ್ಲವ್ವಾ. ಬಸ್ಸು ಕೆಟ್ಟಿರಬೇಕು ಅಂತಿದ್ಲು. ದಿನಾ ಅದನ್ನ ಹೇಳ್ತಿದ್ಲು.”

ನಿಘಂಟು ಮಷೀನಿನ ಪಕ್ಕದಲ್ಲೇ ಇತ್ತು. ಆ ಪುಟದ ಮೂಲೆ ಮಡಚಿತ್ತು. ‘ಸೂನ್’ ಎಂಬಲ್ಲಿ ಮೂರು ಅರ್ಥ ಅಚ್ಚಾಗಿದ್ದವು: ಕೂಡಲೇ, ಬೇಗನೆ, ಸ್ವಲ್ಪ ಕಾಲದಲ್ಲಿ. ಮೊದಲನೆಯದರ ಕೆಳಗೆ, ಬಟ್ಟೆಯ ಮೇಲೆ ಗುರುತು ಹಾಕುವ ಸೀಮೆಸುಣ್ಣದಿಂದ ಅವಳು ಗೆರೆ ಎಳೆದಿದ್ದಳು.

ಆ ಪದದ ಬೆನ್ನು ಹತ್ತಿದ್ದು ಆಮೇಲೆ. ಅಕ್ಕ ತಪ್ಪು ತಿಳಿದಳು, ಆ ಮಾತಿಗೆ ‘ಇನ್ನು ಕೆಲವು ದಿನಕ್ಕೆ’ ಎಂಬ ಅರ್ಥವೇ ಸರಿ ಎಂದು ಯಾರಾದರೂ ನನಗೆ ಹೇಳಲಿ ಎಂದು ಹಂಬಲಿಸುತ್ತಿದ್ದೆ. ಅನಂತಪುರಕ್ಕೆ ಟೀಚರುಗಳ ತರಬೇತಿಗೆ ಹೋದಾಗ ಊಟದ ಬಿಡುವಿನಲ್ಲಿ ಕಾಲೇಜಿನ ಲೈಬ್ರರಿಗೆ ಹೋಗಿ, ಪದಗಳ ಹಳೆಯ ಚರಿತ್ರೆಯನ್ನೂ ಕೊಡುವ ದಪ್ಪ ಇಂಗ್ಲಿಷ್ ನಿಘಂಟನ್ನು ತೆಗೆಸಿದೆ. ಎರಡೂ ಕೈಯಲ್ಲಿ ಎತ್ತಬೇಕಾದ ಪುಸ್ತಕ.

ಸಾವಿರ ವರ್ಷದ ಹಿಂದೆ ಆ ಪದ ‘ಸೋನ’ ಎಂದಿತ್ತು. ಆಗ ಅದಕ್ಕೆ ಇದ್ದ ಅರ್ಥ ಆ ಕ್ಷಣವೇ, ತಡವಿಲ್ಲದೆ. ಕರೆದರೆ ಎದ್ದು ಬಂದಂತೆ. ಆಮೇಲೆ ಜನ ಅದನ್ನು ಹೇಳುತ್ತ ಕೂತರು. ಹೇಳಿದವರು ತಡಮಾಡಿದರು, ಕೇಳಿದವರು ಕಾದರು, ತಲೆಮಾರುಗಳು ಕಳೆದಂತೆ ಪದದ ಅರ್ಥವೇ ಆ ಕಡೆಗೆ ಸರಿಯಿತು. ‘ಪ್ರೆಸೆಂಟ್ಲಿ’ ಎಂಬುದಕ್ಕೂ ಹಾಗೇ ಆಗಿದೆ. ಒಂದು ಕಾಲಕ್ಕೆ ಅದೂ ‘ಈಗಿಂದೀಗಲೇ’ ಎಂದಿತ್ತು, ಆಮೇಲೆ ‘ಇನ್ನು ಸ್ವಲ್ಪ ಹೊತ್ತಿಗೆ’ ಆಯಿತು. ‘ಅನಾನ್’ ಎಂಬ ಇನ್ನೊಂದು ಹಳೆಯ ಪದದ ಪಾಡೂ ಅದೇ. ‘ಈ ಕ್ಷಣ’ ಎಂದು ಹೇಳಲು ಇಂಗ್ಲಿಷಿನವರು ಹಿಡಿದ ಎಷ್ಟೋ ಪದಗಳು ಹೀಗೆ ಸವೆದಿವೆ, ಸವೆಸಿದವರು ನನ್ನಂಥವರು.

ಪುಸ್ತಕ ಮುಚ್ಚಿದೆ. ಅಕ್ಕ ಸರಿಯಾಗಿಯೇ ಓದಿದ್ದಳು. ಲೈಬ್ರರಿಯಾಕೆ “ಏನ್ ಮೇಡಂ, ಸಿಗಲಿಲ್ವಾ?” ಎಂದು ಕೇಳಿದರು. ಸಿಕ್ಕಿತು ಎಂದೆ. ಮಧ್ಯಾಹ್ನದ ತರಗತಿಗೆ ಹೋಗಲು ಆಗಲಿಲ್ಲ. ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ತರಬೇತಿ ಮುಗಿಯುವ ತನಕ ಕೂತಿದ್ದೆ.

ಎರಡು ವರ್ಷದ ಮೇಲೆ ಒಂದು ದಿನ ನಾನು ಒಂಬತ್ತನೇ ತರಗತಿಗೆ ಪಾಠ ಮಾಡುತ್ತಿದ್ದಾಗ ಅತ್ತೆಗೆ ಜ್ವರ ಬಂದಿದೆಯೆಂದು ಮನೆಯಿಂದ ಫೋನು ಬಂತು. ಬರಬೇಕೆಂದು ಯಾರೂ ಹೇಳಲಿಲ್ಲ. ಬೋರ್ಡಿನ ಮೇಲಿನ ವಾಕ್ಯವನ್ನು ಅರ್ಧಕ್ಕೇ ಬಿಟ್ಟು, ಹೆಡ್‌ಮಾಸ್ಟರಿಗೂ ಹೇಳದೆ, ಮೂರು ಮೈಲಿ ಹೊಲದ ದಾರಿಯಲ್ಲಿ ಓಡಿದಂತೆಯೇ ನಡೆದು ಮನೆ ಸೇರಿದೆ. ಅತ್ತೆ ಪಡಸಾಲೆಯಲ್ಲಿ ಕಂಬಳಿ ಹೊದ್ದು ಕೂತು ಕಡಲೆಕಾಯಿ ಸುಲಿಯುತ್ತಿದ್ದರು.

“ಯಾಕಮ್ಮ ಹಿಂಗ್ ಓಡ್ ಬಂದೆ? ಒಂಚೂರು ಮೈ ಬೆಚ್ಚಗಾಗೈತೆ ಅಷ್ಟೆ.”

ಅವರ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಅಕ್ಕ ಸತ್ತಾಗ ಜನರ ನಡುವೆ ಅಳಲಾರದೆ ಉಳಿದುಹೋಗಿದ್ದ ಅಳು ಅಂದು ಬಂತು. ಅತ್ತೆ ಮೊರವನ್ನು ಆಚೆ ಸರಿಸಿ, ಜ್ವರದ ಬಿಸಿ ಕೈಯನ್ನು ನನ್ನ ಬೆನ್ನ ಮೇಲಿಟ್ಟರು. ಸಂಜೆ ಹೆಡ್‌ಮಾಸ್ಟರು ಫೋನು ಮಾಡಿ ರೇಗಿದರು. ತಪ್ಪಾಯಿತು ಸಾರ್, ನಾಳೆ ಬರುತ್ತೇನೆ ಎಂದೆ.