ಎರಡನೆಯ ಸಾಕ್ಷಿ

ರಿಯಾದಿನ ಮಲಾಜ್ ಬಡಾವಣೆಯಲ್ಲಿದ್ದ ನಮ್ಮ ನಕ್ಷೆ ಕಚೇರಿಯಲ್ಲಿ, ಊರುಗಳ ಹಳೆಯ ಹೆಸರುಗಳನ್ನು ಪತ್ತೆ ಮಾಡುತ್ತಿದ್ದ ಆರ್ಮೇನಿಯನ್ ವಿದ್ವಾಂಸರೊಬ್ಬರಿದ್ದರು. ಪರಸ್ಪರ ಪರಿಚಯವಿಲ್ಲದ ಇಬ್ಬರು ಹೇಳಿದ ಹೆಸರನ್ನು ಮಾತ್ರ ಅವರು ನಕ್ಷೆಗೆ ಸೇರಿಸುತ್ತಿದ್ದರು. ನಾನು ಯಾವ ಹೆಸರು ತಂದರೂ ಕನ್ನಡಕವನ್ನು ಹಣೆಗೇರಿಸಿ, "ಎರಡನೆಯವರು ಯಾರು, ಹಬೀಬಿ?" ಎನ್ನುತ್ತಿದ್ದರು.

"ಹೆಣ್ಣು ನೋಡ್ಲಿಕ್ಕೂ ಎರಡು ಸಾಕ್ಷಿ ಕೇಳಿರ್ಬೇಕು ಮಾರಾಯ, ಅದಕ್ಕೇ ಅವ್ರಿಗೆ ಮದುವೆ ಆಗ್ಲಿಲ್ಲ" ಎಂದು ಪಕ್ಕದ ಮೇಜಿನ ಉಡುಪಿಯ ಗೆಳೆಯ ನಗುತ್ತಿದ್ದ.

ಬಿಡುವಿನಲ್ಲಿ ಅವರು ತಮ್ಮ ಅಜ್ಜಿಯ ಸೀಮೆಯ ನಕ್ಷೆಯೊಂದನ್ನು ಬರೆಯುತ್ತಿದ್ದರು. ಅದರಲ್ಲಿ ಒಂದು ಚುಕ್ಕೆಗೆ ಮಾತ್ರ ಹೆಸರಿರಲಿಲ್ಲ. ನಿವೃತ್ತರಾಗಿ ಹೊರಟ ದಿನ ಅದೇಕೆಂದು ಅಂಜುತ್ತಲೇ ಕೇಳಿದೆ. ಅದು ಆರ್ಮೇನಿಯನ್ನರ ಹತ್ಯಾಕಾಂಡದ ಕಾಲದಲ್ಲಿ ಅಜ್ಜಿ ಬಿಟ್ಟು ಓಡಿಬಂದ ಊರು. ಅದರ ಹೆಸರು ಬಲ್ಲವರಲ್ಲಿ ಉಳಿದವರು ಅವರೊಬ್ಬರೇ. ಮೆಲ್ಲಗೆ ನನಗೆ ಆ ಹೆಸರು ಹೇಳಿದರು.

"ಈಗ ಇಬ್ಬರಾದೆವಲ್ಲ, ಸರ್. ಬರೆಯಿರಿ" ಎಂದೆ.

"ನೀನು ಕೇಳಿದ್ದು ನನ್ನಿಂದಲೇ. ಸಾಕ್ಷಿ ಒಂದೇ ಆಯಿತು" ಎಂದು ನಕ್ಷೆಯನ್ನು ನನ್ನ ಕೈಗಿತ್ತು, ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡರು.

ಕಳೆದ ವರ್ಷ ಅವರು ಬೈರೂತಿನಲ್ಲಿ ತೀರಿಕೊಂಡರು. ಉಚ್ಚಾರ ತಪ್ಪಬಾರದೆಂದು ಆ ಹೆಸರನ್ನು ದಿನಕ್ಕೊಮ್ಮೆ ಗಟ್ಟಿಯಾಗಿ ಹೇಳಿಕೊಳ್ಳುತ್ತೇನೆ, ನಕ್ಷೆಯಲ್ಲಿ ಬರೆದಿಲ್ಲ. ಅದನ್ನು ಬಲ್ಲವರು ಈಗಲೂ ಒಬ್ಬರೇ.