ಕೂತಲ್ಲೇ ನೀರು ಬಿಟ್ಟವರು

ಅರಸೀಕೆರೆಯ ಬಸ್ ಸ್ಟ್ಯಾಂಡ್ ಹಿಂದೆ ಸೈಬರ್ ಸೆಂಟರ್ ಇಟ್ಟಿದ್ದ ಆ ಮಹಾಶಯರು ಕುರ್ಚಿ ಬಿಟ್ಟು ಎದ್ದದ್ದನ್ನು ನಾನು ಕಂಡಿದ್ದು ಕಡಿಮೆ. ಕುಡಿಯುವ ನೀರನ್ನೂ ಕಣ್ಸನ್ನೆಯಲ್ಲೇ ತರಿಸಿಕೊಳ್ಳುವರು. "ಎಲ್ಲಾ ಕೂತಲ್ಲೇ ಆಗ್ಬೇಕು ಕಣ್ರೀ" ಎಂಬುದು ಅವರ ವೇದವಾಕ್ಯ.

ಆ ಬೇಸಿಗೆಯಲ್ಲಿ ಹಾರನಹಳ್ಳಿಯ ತೋಟದಲ್ಲಿ ತೆಂಗಿನ ಸಸಿ ನೆಟ್ಟರು. ನೀರು ಬಿಡಲು ದಿನವೂ ಯಾರು ಹೋಗುತ್ತಾರೆ? ಪಂಪ್‌ಹೌಸಿನಲ್ಲಿ ಹಳೇ ಕಂಪ್ಯೂಟರೊಂದನ್ನು ಕೂರಿಸಿ, ಫೋನ್ ಲೈನ್ ಎಳೆಸಿ, ಮೋಟರಿಗೆ ತಂತಿ ಕಟ್ಟಿದರು. ಅಂಗಡಿಯಲ್ಲಿ ಕೂತು ಇಂಟರ್‌ನೆಟ್ ಪುಟದ ಹಸಿರು ಗುಂಡಿ ಒತ್ತಿದರೆ ಮೋಟರ್ ಶುರು. ಬಂದ ಗಿರಾಕಿಗಳಿಗೆಲ್ಲ, ಮದುವೆಯಲ್ಲಿ ಅಕ್ಷತೆ ಹಾಕುವಷ್ಟು ಗಾಂಭೀರ್ಯದಿಂದ ಮೌಸ್ ಒತ್ತಿ ತೋರಿಸುವರು. 'ಮೋಟರ್ ಓಡುತ್ತಿದೆ' ಎಂದು ಪುಟವೂ ಒಪ್ಪಿಕೊಳ್ಳುತ್ತಿತ್ತು.

ವಾರ ಕಳೆದು ನನ್ನನ್ನೂ ಕರೆದುಕೊಂಡು ತೋಟಕ್ಕೆ ಹೋದರೆ, ಸಸಿಗಳ ಗರಿಗಳು ಒಣಗಿ ಮಡಚಿಕೊಂಡಿದ್ದವು. ಹಾರನಹಳ್ಳಿಯಲ್ಲೇ ಇದ್ದ ಅವರ ತಾಯಿ ತೋಟಕ್ಕೆ ಬಂದು, ಸೊಂಟದ ಎಲೆಯಡಿಕೆ ಸಂಚಿಯಿಂದ ಮೋಟರಿನ ಫ್ಯೂಸುಗಳನ್ನು ತೆಗೆದು ತೋರಿಸಿದರು.

"ಹತ್ರ ಯಾರೂ ಇಲ್ದಾಗ ಮೋಟ್ರು ತನ್ನಷ್ಟಕ್ಕೆ ತಿರುಗಿ ಸುಟ್ಟೋದ್ರೆ ಏನ್ಲಾ ಗತಿ? ನಿಮ್ಮಪ್ಪನ ಕಾಲದಿಂದ್ಲೂ ಫ್ಯೂಸ್ ಕಿತ್ಕೊಂಡೇ ಮನೆಗೆ ಬರೋದು ಕಣಪ್ಪ."

ಬದುಕುವಂತಿದ್ದ ಸಸಿಗಳಿಗೆ ಮಹಾಶಯರು ಅಂದು ನಿಂತೇ ನೀರು ಬಿಟ್ಟರು. ಮರುದಿನ ಆ ಪುಟದಲ್ಲಿ ಹಸಿರು ಗುಂಡಿಯ ಮೇಲೆ ಹೊಸ ಸಾಲೊಂದು ಕಾಣಿಸಿತು: 'ಒತ್ತುವ ಮುನ್ನ ಅಮ್ಮನಿಗೆ ಫೋನ್ ಮಾಡುವುದು.'