ಪೂಜೆಗೆ ನಿಲ್ಲಿಸಿದ ಸರ್ವರ್

ಮಕ್ಕಳೇ, ಆಯುಧ ಪೂಜೆಯ ಮಧ್ಯಾಹ್ನ ನೀವು ಅಪ್ಪನ ಜೊತೆ ದಸರೆಯ ಅಲಂಕಾರ ನೋಡಲು ಹೋಗಿದ್ದಾಗ ಉರ್ವದ ಮನೆಯಲ್ಲಿ ಏನಾಯಿತು ಎಂದು ಎಷ್ಟೋ ಸಲ ಕೇಳಿದ್ದೀರಿ. ನಿಮ್ಮ ಅಮ್ಮನಿಗೆ ಆ ಮಾತು ಎತ್ತಿದರೆ ಈಗಲೂ ಸಿಟ್ಟು ಬರುತ್ತದೆ. ನಿಮ್ಮ ಅಜ್ಜಿಯಾದ ನನಗೆ ಬಾಯಲ್ಲಿ ಹೇಳಿ ಅಭ್ಯಾಸವಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಮೆಟ್ಟಿಲ ಕೆಳಗಿನ ಸರ್ವರ್ ನೀವು ನೋಡಿದ್ದೇ. ಹೊರಗಿನಿಂದ ಒಂದೇ ಡಬ್ಬ, ಒಳಗೆ ಮಾತ್ರ ಹಲವು ಕಂಪ್ಯೂಟರುಗಳು ಬೇರೆ ಬೇರೆಯಾಗಿ ನಡೆಯುತ್ತವೆ. ಒಂದೇ ವಠಾರದಲ್ಲಿ ನಾಲ್ಕಾರು ಸಂಸಾರ ಇದ್ದ ಹಾಗೆ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಪಡೀಲಿನ ರಕ್ತಪರೀಕ್ಷೆಯ ಲ್ಯಾಬಿನ ರಿಪೋರ್ಟುಗಳನ್ನು ಇಡುವುದು ಒಂದು, ಅಂಗಡಿಗಳದ್ದು ಕೆಲವು, ನಮ್ಮ ಮನೆಯ ಇಂಟರ್ನೆಟ್ ನಡೆಸುವುದು ಇನ್ನೊಂದು. ಕೆಲಸ ಬಿಟ್ಟು, ಬೇರೆಯವರ ಕಂಪ್ಯೂಟರುಗಳನ್ನು ಬಾಡಿಗೆಗೆ ನಡೆಸಿಕೊಡುವ ಇದನ್ನು ಸ್ವಂತಕ್ಕೆ ಶುರು ಮಾಡಿದ ನಿಮ್ಮ ಅಮ್ಮನಿಗೆ ಆಗ ಆ ಲ್ಯಾಬೇ ದೊಡ್ಡ ಗಿರಾಕಿ. ಅವರು ಕೈಬಿಟ್ಟರೆ ಅವಳು ಪುನಃ ಇನ್ನೊಬ್ಬರ ಕೈಕೆಳಗೆ ಕೆಲಸಕ್ಕೆ ಹೋಗಬೇಕಿತ್ತು.

ನಮ್ಮ ಮನೆಯಲ್ಲಿ ಓಡುತ್ತಿರುವ ಯಂತ್ರಕ್ಕೆ ಪೂಜೆ ಮಾಡುವ ಕ್ರಮವಿಲ್ಲ. ಆ ದಿನ ಮಿಕ್ಸಿ, ಹೊಲಿಗೆ ಮೆಷಿನ್, ತರಕಾರಿ ಹೆಚ್ಚುವ ಮೆಟ್ಟುಕತ್ತಿ ಎಲ್ಲ ಸುಮ್ಮನಿರಬೇಕು. ಲ್ಯಾಬಿನವರೂ ಸಂಜೆಯವರೆಗೆ ಬಾಗಿಲು ಹಾಕಿದ್ದರು. ಅವರನ್ನು ಕೇಳಿಯೇ ನಿಮ್ಮ ಅಮ್ಮ ಸರ್ವರನ್ನು ನಿಲ್ಲಿಸಿದಳು. ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು, ಆರತಿ ಎತ್ತಿ ಊಟ ಮಾಡಿದೆವು. ಊಟವಾದ ಮೇಲೆ ಅವಳು ಬಂದು ಸ್ವಿಚ್ ಒತ್ತಿದಳು. ಫ್ಯಾನ್ ತಿರುಗಿತು. ಕಪ್ಪು ಪರದೆಯಲ್ಲಿ ಇಂಗ್ಲಿಷಿನ ಒಂದು ಸಾಲು ಬಂದು ಅಲ್ಲಿಗೇ ನಿಂತಿತು.

"ಎಂತ ಬರೆದದ್ದು?"

"ಶುರು ಮಾಡ್ಲಿಕ್ಕೆ ಡಿಸ್ಕೇ ಇಲ್ಲ ಅಂತ."

"ಕುಂಕುಮ ಒಳಗೆ ಹೋಯಿತಾ ಹೇಗೆ?"

"ಅಮ್ಮಾ, ಕುಂಕುಮದ ಸುದ್ದಿ ಬಿಡು ಈಗ."

ಡಬ್ಬ ಬಿಚ್ಚಿ ನೋಡಿದಳು, ವೈರುಗಳನ್ನು ಒತ್ತಿ ನೋಡಿದಳು. ಆಮೇಲೆ ನೆನಪಾಯಿತು. ಬೇಸಿಗೆಯಲ್ಲಿ ಅದರ ಎರಡು ಡಿಸ್ಕುಗಳಲ್ಲಿ ಒಂದು ಕೆಟ್ಟಿತ್ತು. ಯಂತ್ರ ನಿಲ್ಲಿಸದೆಯೇ ಅವಳು ಹೊಸದನ್ನು ಹಾಕಿದ್ದಳು. ಇನ್ನೊಂದರಲ್ಲಿದ್ದ ಸರಕೆಲ್ಲ ಹೊಸದಕ್ಕೆ ನಕಲಾಗಿತ್ತು. ಆದರೆ ಕರೆಂಟ್ ಸಿಕ್ಕಿದ ಕೂಡಲೇ ಎಲ್ಲಿಂದ ಏಳಬೇಕು ಎಂದು ಯಂತ್ರಕ್ಕೆ ತೋರಿಸುವ ಚಿಕ್ಕದೊಂದು ತುಂಡು ಇರುತ್ತದಂತೆ, ಬೂಟ್‌ಲೋಡರ್ ಎನ್ನುತ್ತಾರೆ. ಅದು ಇದ್ದದ್ದು ಕೆಟ್ಟು ಹೋದ ಡಿಸ್ಕಿನಲ್ಲಿ ಮಾತ್ರ. ಕರೆಂಟ್ ಹೋದಾಗಲೂ ಬ್ಯಾಟರಿಯ ಬಲದಿಂದ ಮಳೆಗಾಲವಿಡೀ ನಿಲ್ಲದೆ ಓಡಿದ ಯಂತ್ರಕ್ಕೆ ಅದರ ಅಗತ್ಯವೇ ಬಿದ್ದಿರಲಿಲ್ಲ. ನಾವು ಪೂಜೆಗೆಂದು ನಿಲ್ಲಿಸಿದಾಗ ಬಿತ್ತು.

ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ಒಳಗೆ ಹೋಗಿ, ಆ ತುಂಡನ್ನು ಹೊಸದಾಗಿ ಹಾಕಬೇಕು. ಹಾಗೆಂದು ಹೇಳುವುದು ಸುಲಭ. ಮನೆಯ ಇಂಟರ್ನೆಟ್ಟೂ ಆ ಡಬ್ಬದೊಳಗೇ ಮಲಗಿತ್ತು. ಉಳಿದದ್ದು ಅವಳ ಮೊಬೈಲ್ ಒಂದೇ. ಮಾಡುವ ಕ್ರಮವನ್ನು ಅದರಲ್ಲಿ ಹುಡುಕಿ ನನ್ನ ಕೈಗೆ ಕೊಟ್ಟು, "ಒಂದೊಂದೇ ಅಕ್ಷರ ಓದು" ಎಂದಳು. ಹಳ್ಳಿಯ ಶಾಲೆಯಲ್ಲಿ ಕಲಿತ ಇಂಗ್ಲಿಷ್ ನನ್ನದು. ಅಕ್ಷರ ಗೊತ್ತು, ಅದರ ನಡುವೆ ಬರುವ ಗೀಟುಗಳು ಗೊತ್ತಿಲ್ಲ.

"ಇಲ್ಲೊಂದು ವಾಲಿದ ಗೀಟು ಉಂಟು."

"ಯಾವ ಕಡೆಗೆ ವಾಲಿದ್ದು?"

"ನಿನ್ನ ಕಡೆಗಾ, ನನ್ನ ಕಡೆಗಾ?"

"ಅಯ್ಯೋ! ಅದರ ನಂತರ ಜಾಗ ಬಿಟ್ಟಿದ್ದಾರಾ?"

"ಸ್ವಲ್ಪ ಬಿಟ್ಟಿದ್ದಾರೆ."

"ಸ್ವಲ್ಪ ಅಂದ್ರೆ ಎಂತಮ್ಮ? ಉಂಟಾ, ಇಲ್ವಾ?"

ಅಷ್ಟರಲ್ಲಿ ಸಂಜೆಯಾಯಿತು, ಲ್ಯಾಬಿನ ಯಜಮಾನರ ಫೋನ್ ಬಂತು. ಬಂದದ್ದು ಅದೇ ಮೊಬೈಲಿಗೆ. ನಾನು ಓದುತ್ತಿದ್ದುದೆಲ್ಲ ಕಣ್ಣೆದುರೇ ಮಾಯವಾಗಿ ಅವರ ಹೆಸರು ಕುಣಿಯತೊಡಗಿತು. ನೆಂಟರ ಫೋನ್ ಎತ್ತಲೂ ಎದೆ ಹೊಡೆದುಕೊಳ್ಳುವ ನನಗೆ ನಿಮ್ಮ ಅಮ್ಮ ಕೀಬೋರ್ಡಿನಿಂದ ತಲೆ ಎತ್ತದೆಯೇ, "ಪೂಜೆ ಮುಗಿದಿಲ್ಲ ಅಂತ ಹೇಳು" ಎಂದಳು. ಹೇಳಿದೆ. ಅವರು ಫೋನ್ ಇಟ್ಟ ಮೇಲೆ ಆ ಪುಟವನ್ನು ವಾಪಸ್ ತರಲು ನನಗೆ ಬರಲಿಲ್ಲ. ಅವಳೇ ಎದ್ದು ಬಂದು ಹುಡುಕಿ ಕೊಟ್ಟಳು.

ಕೊನೆಗೆ ಎಲ್ಲ ಒತ್ತಿ ಆಯಿತು. ಆಗುವುದಿಲ್ಲ ಎಂದಿತು ಯಂತ್ರ. ಇನ್ನೊಮ್ಮೆ ಮಾಡಿದಳು, ಮತ್ತೆ ಅದೇ ಉತ್ತರ. ತಪ್ಪು ಓದಿದೆನೇನೋ ಎಂದು ನನಗೆ ಅಳು ಬರುವಂತಾಯಿತು. ಕೊನೆಗೆ ತಿಳಿಯಿತು, ಏಳುವುದಕ್ಕೆ ಹಳೆಯದೊಂದು ರೀತಿ, ಹೊಸದೊಂದು ರೀತಿ ಇದೆಯಂತೆ. ಪೆನ್‌ಡ್ರೈವ್ ಹಳೆಯ ರೀತಿಯಲ್ಲಿ ಎದ್ದಿತ್ತು, ನಮ್ಮ ಯಂತ್ರ ಹೊಸ ರೀತಿಯದ್ದು. ಮಾಡಿದ್ದೆಲ್ಲ ದಂಡ. ಪೆನ್‌ಡ್ರೈವನ್ನು ಹೊಸ ರೀತಿಯಲ್ಲಿ ಎಬ್ಬಿಸಿ ಮೊದಲಿನಿಂದ ಶುರು ಮಾಡಬೇಕು. ನಿಮ್ಮ ಅಮ್ಮ ಸ್ಕ್ರೂಡ್ರೈವರನ್ನು ನೆಲಕ್ಕೆ ಬಿಸಾಡಿದ್ದನ್ನು ನಾನು ನೋಡದ ಹಾಗೆ ಮಾಡಿದೆ.

ಲ್ಯಾಬಿನವರ ಫೋನ್ ಪುನಃ ಬಂತು.

"ಅಮ್ಮ, ಪೂಜೆ ಮುಗೀತಾ?"

"ಇಲ್ಲ... ಇನ್ನೂ ಸ್ವಲ್ಪ ಉಂಟು."

"ಎಷ್ಟು ದೇವರು ಮಾರಾಯ್ರೇ ನಿಮ್ಮಲ್ಲಿ? ಇಲ್ಲಿ ರಿಪೋರ್ಟಿಗೆ ಜನ ಬಂದು ಕೂತಿದ್ದಾರೆ."

ನಾನು "ಅದು ಏಳ್ತಾ ಇಲ್ಲ" ಎಂದುಬಿಟ್ಟೆ.

ಆ ಕಡೆ ಫೋನ್ ಇಟ್ಟರು. ಈ ಕಡೆ ನಿಮ್ಮ ಅಮ್ಮ ನನ್ನನ್ನು ನೋಡಿದ ನೋಟ ಬೇಡ. "ನಿನ್ನತ್ರ ಒಂದು ಸುಳ್ಳು ಹೇಳ್ಲಿಕ್ಕೆ ಆಗ್ಲಿಲ್ವಾ?" ಎಂದಳು. ಪುನಃ ಕೀಬೋರ್ಡಿಗೆ ಬಗ್ಗಿ, ಮೊದಲ ಸಾಲಿನಿಂದ ನನ್ನಿಂದ ಓದಿಸತೊಡಗಿದಳು.

ಸ್ವಲ್ಪ ಹೊತ್ತಿನಲ್ಲಿ ಲ್ಯಾಬಿನ ಯಜಮಾನರು ಸ್ಕೂಟರಿನಲ್ಲಿ ಬಂದೇಬಿಟ್ಟರು. ಹೆಲ್ಮೆಟನ್ನು ಮಡಿಲಲ್ಲಿಟ್ಟು ಮೆಟ್ಟಿಲ ಮೇಲೆಯೇ ಕುಳಿತರು. ಚಹಾ ಬೇಡ ಎಂದರು. ಅವರ ಎದುರಿಗೆ ಗೀಟು ಓದುವಾಗ ನನ್ನ ಸ್ವರ ಅರ್ಧಕ್ಕರ್ಧ ಇಳಿದುಹೋಯಿತು. ಅದಕ್ಕೂ ಬೈಸಿಕೊಂಡೆ.

ಈ ಸಲ ಎರಡು ಡಿಸ್ಕಿಗೂ ಬೂಟ್‌ಲೋಡರ್ ಹಾಕಿ, ಪೆನ್‌ಡ್ರೈವ್ ಕಿತ್ತು, ಯಂತ್ರವನ್ನು ಮತ್ತೆ ಶುರು ಮಾಡಿದಳು. ಪರದೆಯಲ್ಲಿ ಸಾಲುಗಳು ಓಡಿದವು. ಒಳಗಿನ ಕಂಪ್ಯೂಟರುಗಳು ಒಂದರ ಹಿಂದೆ ಒಂದು ಎದ್ದವು. ಲ್ಯಾಬಿನದ್ದೂ ಎದ್ದಿತು. ಅವರು ತಮ್ಮ ಮೊಬೈಲಿನಲ್ಲಿ ರಿಪೋರ್ಟ್ ತೆರೆದು ನೋಡಿದರು. ಮುಗಿಯಿತು ಎಂದು ನಾನು ಉಸಿರು ಬಿಟ್ಟೆ.

"ಇನ್ನೊಮ್ಮೆ ಆಫ್ ಮಾಡಿ ಮೇಡಂ," ಎಂದರು ಅವರು.

"ಈಗಷ್ಟೇ ಎದ್ದದ್ದು..."

"ಅದಕ್ಕೇ. ನನ್ನ ಎದುರು ಆಫ್ ಮಾಡಿ, ನನ್ನ ಎದುರು ಆನ್ ಮಾಡಿ."

ನಿಮ್ಮ ಅಮ್ಮನ ಬೆರಳು ಸ್ವಿಚ್ಚಿನ ಹತ್ತಿರ ಹೋಗಿ ನಿಂತಿತು. ಏಳದಿದ್ದರೆ ಅವರ ಕಣ್ಣೆದುರೇ ಎಲ್ಲ ಹೋಗುತ್ತದೆ. ಆಗುವುದಿಲ್ಲ ಎಂದರೂ ಹೋಗುತ್ತದೆ. ಎಲ್ಲವನ್ನೂ ಕ್ರಮದಲ್ಲಿ ನಿಲ್ಲಿಸಿದಳು. ಫ್ಯಾನಿನ ಸದ್ದು ಅಡಗಿತು. ಮತ್ತೆ ಒತ್ತಿದಳು. ಪರದೆ ಕಪ್ಪಾಗಿಯೇ ಇತ್ತು, ಎಷ್ಟು ಹೊತ್ತು ಎಂದು ನಾನು ಹೇಳಲಾರೆ. ಆಮೇಲೆ ಸಾಲುಗಳು ಓಡಿದವು.

ಅವರು ಹೆಲ್ಮೆಟ್ ಹಾಕಿಕೊಂಡರು. "ಈಗ ಸರಿ. ಈ ವರ್ಷ ಮುಗೀಲಿ, ಮತ್ತೆ ನೋಡುವ," ಎಂದು ಹೇಳಿ ಹೊರಟರು. ನಿಮ್ಮ ಅಮ್ಮ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. "ಮತ್ತೆ ನೋಡುವ ಅಂದ್ರೆ ಎಂತ ಅರ್ಥ? ಇರ್ತಾರಾ, ಹೋಗ್ತಾರಾ?" ಎಂದು ನನ್ನನ್ನೇ ಕೇಳಿದಳು. ನನಗೆ ಹೇಗೆ ಗೊತ್ತು? ಆ ವರ್ಷ ಮುಗಿಯಿತು, ಅವರು ಹೋಗಲಿಲ್ಲ. ಈಗಲೂ ಇದ್ದಾರೆ. ಮುಂದಿನ ವರ್ಷವೂ ಇರುತ್ತೀರಾ ಎಂದು ಕೇಳಿದರೆ ಈಗಲೂ ಹೇಳುವುದು, "ನೋಡುವ."